ಉಪ್ಪಿಲ್ಲದ ಉಪ್ಪೆಸರು

ಷಡಕ್ಷರಿಯವರ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತು ಪದ್ಮಶ್ರೀಯ ಅಡುಗೆಗೆ ಹೆಸರಿಟ್ಟವರಿರಲಿಲ್ಲ. ಅದರಲ್ಲೂ ಅವಳು ಮಾಡುವ ಉಪ್ಪೆಸರು. ಬದುವಿನ ಮೇಲೆ ಸಿಕ್ಕ ಸೊಪ್ಪನ್ನೂ ಅವರೆಕಾಳನ್ನೂ ಬೇಯಿಸಿ, ಬಸಿದ ನೀರಿಗೆ ಉಪ್ಪು ಬಿಟ್ಟು, ಹಸಿಮೆಣಸು ಬೆಳ್ಳುಳ್ಳಿಯ ಖಾರ ಅರೆದು ಪಕ್ಕಕ್ಕಿಟ್ಟಳೆಂದರೆ, ಮಾವ ಷಡಕ್ಷರಿ ಕೋಸಿನ ಹೊಲಕ್ಕೆ ನೀರು ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿ ತಮ್ಮ ಹಳೆಯ ಟಿವಿಎಸ್ ಗಾಡಿಯಲ್ಲಿ ಮನೆಗೆ ಬಂದುಬಿಡುತ್ತಿದ್ದರು. ದಿನಾ ಉಣ್ಣುವುದಕ್ಕಿಂತ ಒಂದು ಮುದ್ದೆ ಹೆಚ್ಚೇ ಇಳಿಯುತ್ತಿತ್ತು. ಅಂಥ ಮನೆಯಲ್ಲಿ ದೀಪಾವಳಿ ಹತ್ತಿರ ಬರುತ್ತಿದ್ದಾಗ ಉಪ್ಪಿನ ಜಗಳ ಶುರುವಾಯಿತು.

ಜಗಳಕ್ಕೆ ಮೂಲ ಅತ್ತೆ ಮಂಗಳಮ್ಮನ ಬಿಪಿ. ಬೇಸಿಗೆಯಲ್ಲಿ ತಲೆನೋವೆಂದು, ಗಡಿಯ ತಮಿಳುನಾಡಿನ ಕಡೆಗೆ ಸೇರಿದ ತಾಳವಾಡಿಯ ಆಸ್ಪತ್ರೆಗೆ ಹೋದಾಗ ಅದು ಗೊತ್ತಾಗಿತ್ತು. ಮೊದಲು ಒಂದು ಮಾತ್ರೆ ಕೊಟ್ಟರು. ಅದರಿಂದ ಸಾಕಷ್ಟು ಇಳಿಯಲಿಲ್ಲವೆಂದು ಇನ್ನೊಂದು ಸೇರಿಸಿದರು. ಒಂದು ಬಿಳಿಯದು, ಒಂದು ನಸುಗೆಂಪಿನದು, ಎರಡನ್ನೂ ಬೆಳಗಿನ ಊಟವಾದ ಮೇಲೆ ನುಂಗಬೇಕು. ಆಸ್ಪತ್ರೆಯ ಕಡೆಯಿಂದ ಮನೆಮನೆಗೆ ಬರುವ ರಂಜಿನಿ ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬಂದು, ಜಗುಲಿಯ ಮೇಲೆ ಕೂತು, ಮಂಗಳಮ್ಮನ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಿದ್ದಳು. ಅವಳ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಷಡಕ್ಷರಿಗೆ ಹೊಲದಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಆ ಸಲ ಮಿಷನ್ನು ತೋರಿಸಿದ ಅಂಕಿ ನೋಡಿ ರಂಜಿನಿ ಹುಬ್ಬು ಗಂಟಿಕ್ಕಿದಳು. ಎರಡು ಮಾತ್ರೆ ಶುರುವಾದ ಮೇಲೂ ಹೀಗಿರಬಾರದಲ್ಲ ಎಂದಳು. ಎರಡನ್ನೂ ತಪ್ಪದೆ ತಿನ್ನುತ್ತಿದ್ದೀರಾ ಎಂದು ಕೇಳಿದ್ದಕ್ಕೆ ಮಂಗಳಮ್ಮ ಬೀದಿಯ ಕಡೆ ನೋಡಿಕೊಂಡು, ಮಾತ್ರೆ ದಿನಾ ಖರ್ಚಾಗುತ್ತಿದೆ ಎಂದರು. ರಂಜಿನಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ನಿದ್ದೆ, ನಡಿಗೆ, ಉಪ್ಪಿನಕಾಯಿ, ಹಪ್ಪಳ ಎಂದು ಎಷ್ಟೋ ವಿಷಯ ಹೇಳಿ ಹೋದಳು. ಅಂಗಳದಲ್ಲಿ ಪಿಕಪ್ಪಿಗೆ ಕೋಸಿನ ಮೂಟೆ ಏರಿಸುತ್ತಿದ್ದ ಮಗ ವೃಷಭೇಂದ್ರನ ಕಿವಿಗೆ ಅಷ್ಟರಲ್ಲಿ ಬಿದ್ದದ್ದು ಒಂದೇ ಮಾತು, ಉಪ್ಪು. ತಮಿಳಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಅದು ಉಪ್ಪೇ ತಾನೆ.

ಅವನು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಏನಮ್ಮಿ, ಅವ್ವಂಗೆ ಉಪ್ಪು ಕಮ್ಮಿ ಮಾಡು ಅಂತ ಆಸ್ಪತ್ರೆಯೋರು ಆವತ್ತೇ ಯೋಳಿರ್ನಿಲ್ವಾ?"

"ಕಮ್ಮಿನೇ ಮಾಡಿದ್ದೀನಿ."

"ಕಮ್ಮಿ ಮಾಡಿದ್ರೆ ಯಾಕ ಏರ್ತದ?"

"ಅದ ನನ್ನ ಕೇಳಿದ್ರೆ? ಮಿಷನ್ ಕೇಳಿ."

"ನಾಳಿಂದ ಸಾರಿಗೆ ಉಪ್ಪೇ ಆಕ್ಬ್ಯಾಡ," ಎಂದು ತೀರ್ಪು ಕೊಟ್ಟು ಅವನು ಪಿಕಪ್ ಹತ್ತಿದ.

ಪದ್ಮಶ್ರೀ ಛಲದ ಹೆಣ್ಣು. ಉಪ್ಪು ಬೇಡವೆಂದರೆ ಬೇಡ. ಉಪ್ಪಿನಕಾಯಿ ಜಾಡಿಗಳು ಅಟ್ಟ ಸೇರಿದವು. ಸಂಡಿಗೆ ಡಬ್ಬವನ್ನು ತವರಿಗೆ ಕಳಿಸಿಬಿಟ್ಟಳು. ಉಪ್ಪಿಲ್ಲದ ಉಪ್ಪೆಸರನ್ನು ಮನೆಮಂದಿಗೆಲ್ಲ ಒಂದೇ ಪಾತ್ರೆಯಿಂದ ಬಡಿಸಿದಳು. ಮಕ್ಕಳು ಮುದ್ದೆಯನ್ನು ತಟ್ಟೆಯಲ್ಲಿ ಉರುಳಿಸಿ ಆಡಿದರು. ಷಡಕ್ಷರಿ ತುತ್ತು ನುಂಗಿ, ಗಂಟಲಲ್ಲೇ ನಿಂತಿತೇನೋ ಎಂಬಂತೆ ನೀರು ಕುಡಿದು, ತಾಳವಾಡಿಗೆ ಹೋಗಿ ಗೊಬ್ಬರದ ಬೆಲೆ ವಿಚಾರಿಸಿಕೊಂಡು ಬರುತ್ತೇನೆಂದು ಗಾಡಿ ತೆಗೆದರು. ಅಲ್ಲಿನ ಹೋಟೆಲಿನ ಬಜ್ಜಿಯ ವಾಸನೆ ಸಂಜೆ ಅವರ ಅಂಗಿಯಲ್ಲೇ ಇರುತ್ತಿತ್ತು. ಮಂಗಳಮ್ಮನೊಬ್ಬರು ಮಾತ್ರ ಆ ಸಪ್ಪೆ ಸಾರನ್ನು ಹೊಗಳಿ ಹೊಗಳಿ, ಇನ್ನೊಂದು ಸೌಟು ಬಿಡು ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅತ್ತೆ ಇಷ್ಟು ಮೆತ್ತಗಾದದ್ದು ಯಾಕೆಂದು ಪದ್ಮಶ್ರೀಗೆ ಅರ್ಥವಾಗಲಿಲ್ಲ.

ದೀಪಾವಳಿ ಕಳೆಯಿತು. ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬ ನೋಡಲು ಬಂದ ನೆಂಟರಲ್ಲಿ ಷಡಕ್ಷರಿಯ ತಂಗಿ ಶಕುಂತಲಮ್ಮ ಎರಡು ದಿನ ಈ ಮನೆಯಲ್ಲೇ ಉಳಿದರು. ಮೊದಲ ತುತ್ತಿಗೇ ಅವರ ಮುಖ ಕೆಟ್ಟಿತು. ವಿಷಯವೇನೆಂದು ವೃಷಭೇಂದ್ರ ವಿವರಿಸಿದ. ಇಷ್ಟು ವರ್ಷ ಉಪ್ಪು ಸುರಿದು ಸುರಿದು ಅತ್ತೆಗೆ ಕಾಯಿಲೆ ತಂದಿಟ್ಟು ಈಗ ಕೈ ಬಿಗಿಹಿಡಿದರೆ ಏನು ಬಂತು ಎಂದು ಶಕುಂತಲಮ್ಮ ಎಲ್ಲರೆದುರಿಗೇ ಅಂದರು. ಮಂಗಳಮ್ಮ ಅಲ್ಲೇ ಕೂತಿದ್ದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪಕ್ಕದ ಮನೆಯ ಪುಟ್ಟಮಲ್ಲಮ್ಮ ಮಜ್ಜಿಗೆ ಕೇಳಲು ಬಂದಿದ್ದವರು ಅದನ್ನು ಕೇಳಿಸಿಕೊಂಡು ಹೋದರು. ಮಾರನೆಯ ದಿನ ಕೊಳಾಯಿಯ ಹತ್ತಿರ ಪದ್ಮಶ್ರೀ ಬಿಂದಿಗೆ ಇಟ್ಟುಕೊಂಡು ನಿಂತರೆ, ಇದ್ದ ಹೆಂಗಸರೆಲ್ಲ ಬೇರೆ ಮಾತು ಎತ್ತಿಕೊಂಡರು.

ಅವತ್ತು ಅವಳು ಮನೆಗೆ ಬಂದು ಬಿಂದಿಗೆ ಇಳಿಸಿದ ರಭಸಕ್ಕೆ ಅರ್ಧ ನೀರು ನಡುಮನೆಗೆ ಚೆಲ್ಲಿತು. ನಾಳೆಯಿಂದ ಅಡುಗೆ ನೀವೇ ಮಾಡಿ, ನನ್ನ ಕೈ ಸೋಕುವುದು ಬೇಡ ಎಂದು ಗಂಡನಿಗೆ ಹೇಳಿದಳು. ಅವನೂ ಸೋಲುವವನಲ್ಲ. ಬೆಳಿಗ್ಗೆ ಎದ್ದು ಉಪ್ಪಿಟ್ಟು ಮಾಡಿದ. ಅದು ಬಾಣಲೆ ಬಿಟ್ಟು ಬರಲಿಲ್ಲ. ಕೆತ್ತಿ ಬಡಿಸಿದ್ದನ್ನು ಮಕ್ಕಳು ನಾಯಿಗೆ ಹಾಕಿದರು, ಅದೂ ಮೂಸಿ ನೋಡಿ ಹೋಯಿತು. ಪದ್ಮಶ್ರೀಗೆ ನಗು ಬಂದರೂ ಹೊರಗೆ ತೋರಿಸಲಿಲ್ಲ. ಮಧ್ಯಾಹ್ನಕ್ಕೆ ಅವಳೇ ಒಲೆ ಮುಂದೆ ಕೂತಳು, ಆದರೆ ಗಂಡನ ಜೊತೆ ಮಾತು ಬಿಟ್ಟಳು.

ಈ ಗಲಾಟೆಯ ನಡುವೆ ಷಡಕ್ಷರಿಯವರ ಕಾಲುಗಳು ಊದಿಕೊಳ್ಳುತ್ತಿದ್ದವು. ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಕೆಸರಲ್ಲಿ ನಿಂತು ನಿಂತು ಹೀಗಾಗಿದೆ ಎಂದು ಅವರು ತಾಳವಾಡಿಯಿಂದ ಒಂದು ಅಳತೆ ದೊಡ್ಡ ಚಪ್ಪಲಿ ತಂದುಕೊಂಡರು. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ರಂಜಿನಿ ಮತ್ತೆ ಬಂದಾಗ ಮಂಗಳಮ್ಮನ ಬಿಪಿ ಒಂದು ಚೂರೂ ಇಳಿದಿರಲಿಲ್ಲ. ಹೀಗೇ ಇದ್ದರೆ ಒಂದು ದಿನ ಕೈಕಾಲು ಬಿದ್ದುಹೋಗಬಹುದು, ದೊಡ್ಡ ಡಾಕ್ಟರಿಗೇ ತೋರಿಸಿ ಎಂದು ಅವಳು ಗಟ್ಟಿಯಾಗಿ ಹೇಳಿದಳು. ಅದನ್ನು ಕೇಳಿ ಪದ್ಮಶ್ರೀಯ ಸಿಟ್ಟು ಅರ್ಧ ಇಳಿಯಿತು. ಉಪ್ಪು ಪೂರ್ತಿ ಬಿಟ್ಟರೂ ಇಳಿಯದ ಮೇಲೆ ಕಾರಣ ತನ್ನ ಕೈಯಲ್ಲಿಲ್ಲ ಎಂಬುದು ಒಂದು ಸಮಾಧಾನ, ಅತ್ತೆಗೆ ಏನಾದರೂ ಆದರೆ ಎಂಬುದು ಒಂದು ಭಯ. ಮಾರನೆಯ ಬೆಳಿಗ್ಗೆ ಅವಳೇ ಅತ್ತೆಯನ್ನು ಹೊರಡಿಸಿಕೊಂಡು ತಾಳವಾಡಿಯ ಬಸ್ಸು ಹತ್ತಿದಳು.

ಡಾಕ್ಟರಮ್ಮ ಬೆಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದ ಚಿಕ್ಕ ವಯಸ್ಸಿನವರು, ಮಾತೆಲ್ಲ ತಮಿಳು. ಪದ್ಮಶ್ರೀ ತನಗೆ ಬಂದ ತಮಿಳಿನಲ್ಲೇ ಮನೆಯ ಉಪ್ಪಿನ ಕಥೆಯನ್ನೆಲ್ಲ ಒದರಿದಳು. ಡಾಕ್ಟರಮ್ಮ ನಕ್ಕರು. ಉಪ್ಪು ಕಡಿಮೆ ಮಾಡಿದ್ದು ಒಳ್ಳೆಯದೇ, ಆದರೆ ಪೂರ್ತಿ ಬಿಡಲು ಯಾರು ಹೇಳಿದರು ಎಂದರು. ಈ ಎರಡು ಮಾತ್ರೆಗಳೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ, ಒಂದರಿಂದ ಆಗದ್ದು ಎರಡೂ ಸೇರಿದರೆ ಆಗುತ್ತದೆ ಎಂದು ವಿವರಿಸಿದರು. ಮಂಗಳಮ್ಮ, ಅಂಗಾರೆ ಜೋಡೆತ್ತು ಕಟ್ಟಿದಂಗೆ ಅನ್ನಿ ಎಂದದ್ದನ್ನು ಪದ್ಮಶ್ರೀ ತಮಿಳು ಮಾಡಿ ಹೇಳಿದಾಗ ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದರು. ಎಷ್ಟೋ ಜನ ಎರಡರಲ್ಲಿ ಒಂದನ್ನು ಮರೆಯುತ್ತಾರೆ, ಅದಕ್ಕೇ ಎರಡನ್ನೂ ಸೇರಿಸಿ ಮಾಡಿದ ಒಂದೇ ಮಾತ್ರೆ ಬರೆಯುತ್ತೇನೆ, ದಿನಕ್ಕೊಂದು ನುಂಗಿದರೆ ಮುಗಿಯಿತು ಎಂದರು. ಅದನ್ನು ಕೇಳಿ ಮಂಗಳಮ್ಮನ ಮುಖ ಇಳಿಯಿತು. ಎರಡಾಗಿಯೇ ಇರಲಿ, ನನಗೆ ಅದೇ ಒಗ್ಗಿದೆ ಎಂದರು. ಡಾಕ್ಟರಮ್ಮ ಆಗಲೇ ಬರೆದಾಗಿತ್ತು.

ಇವರು ಏಳುವಾಗ ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದರು. ಆ ಬಿಳಿ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತದೆ, ನಿಮಗೇನಾದರೂ ಹಾಗಾಗಿತ್ತೇ? ಮಂಗಳಮ್ಮ ಸೀರೆಯ ನಿರಿಗೆ ಸ್ವಲ್ಪ ಎತ್ತಿ ತೋರಿಸಿದರು. ಕಾಲುಂಗುರ ಸಡಿಲವಾಗುವಷ್ಟು ಸಣ್ಣ ಕಾಲುಗಳು.

ಬಸ್ಸಿನಲ್ಲಿ ಪದ್ಮಶ್ರೀ ಕಿಟಕಿಯ ಪಕ್ಕ ಕೂತಳು. ಅರಿಶಿನದ ಹೊಲಗಳು ಕಳೆದು ಊರಿನ ತಿರುವು ಬರುವ ಹೊತ್ತಿಗೆ ಅವಳಿಗೆ ಮಾವನ ಹೊಸ ಚಪ್ಪಲಿ ನೆನಪಾಯಿತು. ಮಾತ್ರೆ ತಿನ್ನುವವರು ಅತ್ತೆ, ಕಾಲು ಊದಿದ್ದು ಮಾವನಿಗೆ. ಅವಳು ತಿರುಗಿ ಅತ್ತೆಯನ್ನು ನೋಡಿದಳು. ಅತ್ತೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಊಟವಾದ ಮೇಲೆ ಮಂಗಳಮ್ಮ ಒಂದು ಚೊಂಬು ನೀರು, ಎಲೆಅಡಿಕೆಯ ಚೀಲ ತೆಗೆದುಕೊಂಡು ಕೊಟ್ಟಿಗೆಯ ಕಡೆ ಹೋದರು. ಷಡಕ್ಷರಿ ಅಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದರು. ಪದ್ಮಶ್ರೀ ಸ್ವಲ್ಪ ಹೊತ್ತು ಬಿಟ್ಟು, ಸಗಣಿ ಬಾಚುವ ಮಂಕರಿ ಎತ್ತಿಕೊಂಡು ಸದ್ದಾಗದಂತೆ ಹಿಂದೆಯೇ ಹೋದಳು. ಒಳಗೆ ಅತ್ತೆ ಕಲ್ಲಿನ ಮೇಲೆ ಕೂತು, ಹೊಸ ಮಾತ್ರೆಯನ್ನು ಅಡಕತ್ತರಿಯ ಬಾಯಿಗೆ ಇಟ್ಟು ಒತ್ತುತ್ತಿದ್ದರು. ಮಾವ ಅಂಗೈ ಒಡ್ಡಿಕೊಂಡು ಮುಂದೆ ಕೂತಿದ್ದರು. ಮಾತ್ರೆ ಟಕ್ಕನೆ ಸಿಡಿದು ಒಂದು ಚೂರು ಹುಲ್ಲಿನೊಳಗೆ ಬಿತ್ತು. ಇಬ್ಬರೂ ಬಗ್ಗಿ ಅದನ್ನು ಹುಡುಕತೊಡಗಿದರು.

"ಏನ ಉಡುಕ್ತಾ ಇದ್ದೀರಿ ಅತ್ತೆ?"

ಮಂಗಳಮ್ಮ ಬೆಚ್ಚಿದರು. "ಅಡ್ಕ ಕಣ ಕೂಸೆ. ಅಡ್ಕ ಬಿತ್ತು."

"ಮಾವ, ವಸಿ ಕಾಲು ತೋರ್ಸಿ."

ಷಡಕ್ಷರಿ ಎರಡೂ ಪಾದಗಳನ್ನು ಮೆಲ್ಲನೆ ಹುಲ್ಲಿನ ಕೆಳಗೆ ಸರಿಸಿದರು. ಆಗ ಪದ್ಮಶ್ರೀಗೆ ಎಲ್ಲವೂ ಖಾತ್ರಿಯಾಯಿತು.

ಇಬ್ಬರೂ ಒಬ್ಬರ ಮಾತನ್ನು ಒಬ್ಬರು ತುಂಡರಿಸುತ್ತಾ ನಡೆದದ್ದನ್ನು ಹೇಳಿದರು. ಮಳೆಗಾಲದಲ್ಲಿ ಷಡಕ್ಷರಿ ಚಾಮರಾಜನಗರಕ್ಕೆ ಮದುವೆಗೆ ಹೋದಾಗ ತಲೆ ಭಾರವೆಂದು ಔಷಧಿ ಅಂಗಡಿಯಲ್ಲಿ ಬಿಪಿ ನೋಡಿಸಿದ್ದರು. ತುಂಬಾ ಇದೆ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ಅಂಗಡಿಯವನು ಹೇಳಿದ್ದ. ಅವರು ತೋರಿಸಿದ್ದು ಡಾಕ್ಟರಿಗಲ್ಲ, ಮನೆಗೆ ಬಂದು ಹೆಂಡತಿಗೆ ಹೇಳಿ, ಯಾರಿಗೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡರು. ಮಂಗಳಮ್ಮನ ಹತ್ತಿರ ಎರಡು ಮಾತ್ರೆ ಇದ್ದವು. ಬಿಳಿಯದನ್ನು ಗಂಡನಿಗೆ ಕೊಟ್ಟು ಕೆಂಪನ್ನು ತಾವು ನುಂಗತೊಡಗಿದರು.

"ಉಣ್ಣೋ ಇಟ್ಟಲ್ಲಿ ಪಾಲಿಲ್ವಾ, ಇದ್ರಲ್ಲೂ ಅಂಗೆಯಾ ಅನ್ಕಂಡಿ," ಎಂದರು ಮಂಗಳಮ್ಮ.

"ಜೋಡೆತ್ತಲ್ಲಿ ಒಂದೆತ್ತ ಬಿಚ್ಚಿ ಮಾವಂಗೆ ಕೊಟ್ಟು, ಉಳಿದ ಒಂದ್ರಲ್ಲೇ ಉಳ್ತಿದ್ರಾ?" ಎಂದಳು ಪದ್ಮಶ್ರೀ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಅಳುವೇ ಗೆದ್ದಿತು. "ಅಲ್ಲತ್ತೆ, ಶಕುಂತಲತ್ತೆ ನನ್ನ ಅಷ್ಟು ಅಂದ್ರಲ್ಲ. ಊರೋರೆಲ್ಲ ನನ್ನ ಕೈ ಉಪ್ಪ ಆಡ್ಕಂಡ್ರಲ್ಲ. ನೀವು ಪಕ್ಕದಲ್ಲೇ ಕೂತಿದ್ರಿ."

ಮಂಗಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನಿನ್ನ ಮೊಕ ನೋಡಾಕಾಯ್ತಿರ್ನಿಲ್ಲ ಕಣವ್ವ. ಅದ್ಕೆಯಾ ಆ ಸಪ್ಪೆ ಸಾರ ಎಲ್ರಿಗಿಂತ ಎಚ್ಚಾಗಿ ಉಂಡೆ."

"ಡಾಕ್ಟ್ರುತಾವ ಓಗಾಕೆ ನಿಮ್ಗೇನಾಗಿತ್ತು ಮಾವ?"

ಷಡಕ್ಷರಿ ಹಸುವಿನ ಬೆನ್ನು ಸವರಿದರು. "ನಿನ್ನ ಗಂಡ ಗಾಡಿ ಕೀ ಕಿತ್ಕತ್ತನ ಕಣ ಮಗ. ಚನ್ನಯ್ಯನ ನೋಡು. ಬಿಪಿ ಏರಿ ತಲ ಸುತ್ತಿ ಗಾಡಿಯಿಂದ ಬಿದ್ದ ಅಂತ ಮಕ್ಳು ಕೀ ಕಿತ್ಕಂಡ್ರು. ಈಗ ಅರಳಿಕಟ್ಟೆ ಮ್ಯಾಲೆ ಕೂತು ಓಗೋ ಬರೋರ್ನೆಲ್ಲ ಕರ್ಕಂಡೋಗ್ರಪ್ಪಾ ಅಂತನ."

ಚನ್ನಯ್ಯನನ್ನು ಪದ್ಮಶ್ರೀಯೂ ದಿನಾ ನೋಡುತ್ತಿದ್ದಳು. ವೃಷಭೇಂದ್ರ ಆ ಸುದ್ದಿ ಬಂದ ದಿನವೇ, ನಮ್ಮ ಅಪ್ಪನಿಗೂ ಬಿಪಿ ಇದ್ದರೆ ನಾನು ಇದೇ ಮಾಡುತ್ತಿದ್ದೆ ಎಂದು ಜಂಬದಿಂದ ಹೇಳಿದ್ದೂ ಅವಳಿಗೆ ನೆನಪಿತ್ತು. ಮಾವನ ಮೇಲೆ ಕನಿಕರ ಬಂತು. ಆದರೂ ಬಿಡಲಿಲ್ಲ. ಇವತ್ತು ಸಂಜೆ ನೀವೇ ಮಗನಿಗೆ ಹೇಳಬೇಕು ಎಂದಳು.

"ಯೋಳ್ದೆ ಇದ್ರೆ?"

"ನಾಳಿಂದ ನಿಮ್ ಮಗನೇ ಅಡ್ಗ ಮಾಡ್ತಾರ."

ಷಡಕ್ಷರಿ ಆ ಉಪ್ಪಿಟ್ಟನ್ನು ನೆನೆದುಕೊಂಡು ಒಪ್ಪಿಕೊಂಡರು.

ಆ ಸಂಜೆ ಅವಳು ಉಪ್ಪೆಸರು ಮಾಡಿದಳು. ಡಾಕ್ಟರಮ್ಮ ಹೇಳಿದಂತೆ ಹಿಡಿತದಲ್ಲಿ ಉಪ್ಪು ಹಾಕಿ, ಸಪ್ಪೆ ಎನಿಸದಂತೆ ಖಾರಕ್ಕೆ ಒಂದಿಷ್ಟು ನಿಂಬೆಹುಳಿ ಹಿಂಡಿದಳು. ಎಲ್ಲರೂ ಸಾಲಾಗಿ ಕೂತರು. ಷಡಕ್ಷರಿ ಕೋಸಿನ ಹುಳದ ಮಾತಾಡಿದರು, ಕಾಡುಹಂದಿ ಬೇಲಿ ಮುರಿದ ಮಾತಾಡಿದರು, ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರು. ವೃಷಭೇಂದ್ರ ಮುದ್ದೆಯ ತುತ್ತನ್ನು ಸಾರಿಗೆ ಅದ್ದಿ ಬಾಯಿಗಿಟ್ಟವನು ತಟ್ಟನೆ ತಲೆ ಎತ್ತಿದ.

"ಇದ್ಕ ಉಪ್ಪು ಆಕಿದ್ದಯ್ಯಾ? ಅವ್ವನ ಸಾಯ್ಸಬೇಕು ಅಂತಿದ್ದಯ್ಯಾ?"

ಪದ್ಮಶ್ರೀ ಸೌಟು ಹಿಡಿದು ಮಾವನನ್ನೇ ನೋಡುತ್ತಾ ನಿಂತಳು. ಮಂಗಳಮ್ಮ ಗಂಡನ ಮೊಣಕೈ ತಿವಿದರು. ಷಡಕ್ಷರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಅವಳ್ನ ಬಯ್ಬ್ಯಾಡ ಕಣ್ಲಾ. ನಿಮ್ಮವ್ವನ ಮಾತ್ರೆ ತಿಂದೋನು ನಾನು."

ಅಪ್ಪ ಒಂದೊಂದೇ ಮಾತು ಹೆಕ್ಕಿ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ವೃಷಭೇಂದ್ರ ಉಣ್ಣಲಿಲ್ಲ. ಆಮೇಲೆ ಎದ್ದು ಕೈ ತೊಳೆಯದೆಯೇ ಬಾಗಿಲ ಪಕ್ಕದ ಮೊಳೆಯ ಕಡೆ ಹೊರಟ. ಗಾಡಿಯ ಕೀ ಅಲ್ಲಿ ನೇತಾಡುತ್ತಿತ್ತು. ಅವನಿಗಿಂತ ಮೊದಲೇ ಪದ್ಮಶ್ರೀ ಹೋಗಿ ಅಡ್ಡ ನಿಂತಳು.

"ಅದ ಮುಟ್ಬ್ಯಾಡಿ. ನೀವು ಕೀ ಕಿತ್ಕತ್ತೀರಿ ಅನ್ನೋ ಭಯಕ್ಕೇ ಇಷ್ಟೆಲ್ಲ ಆಗಿದ್ದು. ನಾಳ ಡಾಕ್ಟ್ರುತಾವ ಕರ್ಕಂಡೋಗಿ. ಗಾಡಿ ಓಡಿಸ್ಬೇಕಾ ಬ್ಯಾಡ್ವಾ ಅಂತ ಅವ್ರು ಯೋಳ್ಲಿ, ನೀವಲ್ಲ."

ಅವನು ಹೆಂಡತಿಯ ಮುಖ ನೋಡಿದ, ಅಪ್ಪನ ಕಾಲು ನೋಡಿದ, ತಿರುಗಿ ಬಂದು ಕೂತ. ತಟ್ಟೆ ಮುಂದಕ್ಕೆ ತಳ್ಳಿ, ತಲೆ ಎತ್ತದೆ, ಇನ್ನೊಂದು ಸ್ವಲ್ಪ ಸಾರು ಬಿಡು ಎಂದ. ಅವನ ಬಾಯಲ್ಲಿ ಬಂದ ತಪ್ಪೊಪ್ಪಿಗೆ ಅಷ್ಟೇ. ಪದ್ಮಶ್ರೀಗೆ ಅದು ಸಾಲದಾಯಿತು. ಉಂಡಾದ ಮೇಲೆ ಪಾತ್ರೆಗಳನ್ನೆಲ್ಲ ನೀವೇ ತೊಳೆದಿಡಿ ಎಂದಳು. ತೊಳೆದಿಟ್ಟ.

ಮರುದಿನ ವೃಷಭೇಂದ್ರ ಅಪ್ಪನನ್ನೂ ಅವ್ವನನ್ನೂ ಹೆಂಡತಿಯನ್ನೂ ಪಿಕಪ್ಪಿನಲ್ಲಿ ಕರೆದುಕೊಂಡು ಹೋದ. ಡಾಕ್ಟರಮ್ಮ ಕಥೆ ಕೇಳಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಆಮೇಲೆ ಚೆನ್ನಾಗಿ ಬಯ್ದರು. ಷಡಕ್ಷರಿಯ ರಕ್ತ, ಮೂತ್ರ, ಎದೆ ಎಲ್ಲ ಪರೀಕ್ಷೆ ಮಾಡಿಸಿದರು. ಒಂದೇ ಮಾತ್ರೆ ಅವರಿಗೂ ಸಾಲುತ್ತಿರಲಿಲ್ಲ. ಆ ಬಿಳಿಯದರ ಜೊತೆ ಇನ್ನೊಂದು ಸೇರಿದರೆ ಕಾಲಿನ ಊತವೂ ಕಡಿಮೆಯಾಗಬಹುದು ಎಂದು ಹೇಳಿ ಅವರಿಗೂ ಎರಡು ಸೇರಿದ ಮಾತ್ರೆಯನ್ನೇ ಬರೆದರು. ಹೆಂಡತಿಗೆ ಕೊಟ್ಟದ್ದೇ ಅದು. ಷಡಕ್ಷರಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಮಾತ್ರೆ ಒಂದೇ ಆದ ಮೇಲೆ ನಾವು ಮಾಡಿದ್ದರಲ್ಲಿ ಏನು ತಪ್ಪು ಎಂದು ಕೇಳಿದರು. ಅದು ಅದೃಷ್ಟ, ಎಲ್ಲರಿಗೂ ಹಾಗಿರುವುದಿಲ್ಲ, ಮೇಲಾಗಿ ಅವರದು ಅವರಿಗೆ ಇಡಿಯಾಗಿ ಬೇಕು, ನಿಮ್ಮದು ನಿಮಗೆ ಇಡಿಯಾಗಿ ಬೇಕು ಎಂದು ಡಾಕ್ಟರಮ್ಮ ಹೇಳಿದರು.

ಗಾಡಿಯ ವಿಷಯವನ್ನು ಪದ್ಮಶ್ರೀಯೇ ಎತ್ತಿದಳು. ಬಿಪಿ ಹತೋಟಿಗೆ ಬರುವವರೆಗೆ ಬೇಡ, ಬಂದ ಮೇಲೆ, ತಲೆಸುತ್ತು ಇಲ್ಲದಿದ್ದರೆ ಓಡಿಸಬಹುದು ಎಂದರು. ಬೆಳಿಗ್ಗೆಯೇ ಮೊಳೆಯಿಂದ ಎತ್ತಿಕೊಂಡಿದ್ದ ಕೀಯನ್ನು ಷಡಕ್ಷರಿ ಜೇಬಿನಿಂದ ತೆಗೆದು ಮಗನ ಕಡೆ ನೋಡದೆ ಸೊಸೆಯ ಕೈಗೆ ಕೊಟ್ಟರು.

ಅವಳು ಕೀಯನ್ನು ಮೊಳೆಗೆ ನೇತುಹಾಕಿ ಸುಮ್ಮನಿರಲಿಲ್ಲ. ಅಂಗಳದಲ್ಲಿ ನಾಲ್ಕು ದಿನ ಓಡಿಸಿ ಕಲಿತಳು. ಮಾವ ಹಿಂದೆ ಕೂತು, ಬ್ರೇಕು ಎಲ್ಲಿ, ಗುಂಡಿ ಎಲ್ಲಿ ಎಂದು ಹೇಳಿಕೊಡುತ್ತಾ ಹೊಲಕ್ಕೆ ಹೋಗತೊಡಗಿದರು. ಮಾವನನ್ನು ಇಳಿಸಿ ಬರುವಾಗ ಅರಳಿಕಟ್ಟೆಯ ಹತ್ತಿರ ಒಮ್ಮೊಮ್ಮೆ ಚನ್ನಯ್ಯನನ್ನೂ ಹತ್ತಿಸಿಕೊಂಡು, ತಾಳವಾಡಿಯ ರಸ್ತೆಗೆ ಬಿಟ್ಟುಬರುತ್ತಿದ್ದಳು. ಮನೆಯಲ್ಲಿ ಬೆಳಿಗ್ಗೆ ಊಟವಾದ ಮೇಲೆ ಗಂಡಹೆಂಡತಿ ಎದುರುಬದುರು ಕೂತು, ಒಬ್ಬರು ನುಂಗಿದ್ದನ್ನು ಇನ್ನೊಬ್ಬರು ಬಾಯಿ ತೆರೆಸಿ ನೋಡುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ರಂಜಿನಿ ಬಂದಾಗ ಜಗುಲಿಯ ಮೇಲೆ ಅಕ್ಕಪಕ್ಕದ ಹೆಂಗಸರು ನಾಲ್ಕೈದು ಜನ ಸೇರಿದ್ದರು. ಷಡಕ್ಷರಿ ಈ ಸಲ ಹೊಲಕ್ಕೆ ಹೋಗಲಿಲ್ಲ. ಮೊದಲು ತಾವೇ ತೋಳು ಕೊಟ್ಟರು. ಅವರದೂ ಇಳಿದಿತ್ತು, ಮಂಗಳಮ್ಮನದೂ ಇಳಿದಿತ್ತು. ಪದ್ಮಶ್ರೀ ಒಳಗೆ ಬೆಲ್ಲದ ಕಾಪಿ ಕಾಯಿಸುತ್ತಿದ್ದಳು. ಹೊರಗೆ ಪುಟ್ಟಮಲ್ಲಮ್ಮನ ದನಿ ಕೇಳಿತು.

"ಅಂತೂ ನಿನ್ ಸೊಸೆ ಉಪ್ಪು ಕಮ್ಮಿ ಮಾಡುದ್ಲು ಅನ್ನು."

ಪದ್ಮಶ್ರೀಯ ಕೈ ನಿಂತಿತು. ಆಗ ಮಂಗಳಮ್ಮ ಗಂಟಲು ಸರಿಮಾಡಿಕೊಂಡರು.

"ಅವಳ ಉಪ್ಪಿಗೇನಾಗಿತ್ತು? ತಪ್ಪು ನಂದು ಕಣವ್ವ. ನನ್ ಮಾತ್ರೆಲಿ ಒಂದ ನನ್ ಗಂಡಂಗೆ ತಿನ್ಸಿ, ಬೈಗುಳೆಲ್ಲ ನನ್ ಸೊಸೆಗೆ ತಿನ್ಸಿ ಸುಮ್ಕ ಕೂತಿದ್ದೆ."

ಅಲ್ಲಿಂದ ಮುಂದಕ್ಕೆ ಅವರು ಏನನ್ನೂ ಮುಚ್ಚಿಡಲಿಲ್ಲ. ಕೊಟ್ಟಿಗೆ, ಅಡಕತ್ತರಿ, ಹುಲ್ಲಿನಲ್ಲಿ ಬಿದ್ದ ಚೂರು, ಹುಲ್ಲಿನ ಕೆಳಗೆ ಅಡಗಿದ ಗಂಡನ ಕಾಲು ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಷಡಕ್ಷರಿ ಕಂಬಕ್ಕೆ ಒರಗಿ ತಾವೂ ನಕ್ಕರು. ಪದ್ಮಶ್ರೀ ಒಲೆಯ ಮುಂದೆ ಕೂತೇ ಪೂರ್ತಿ ಕೇಳಿಸಿಕೊಂಡು, ಕಣ್ಣು ಒರೆಸಿಕೊಂಡು, ಕಾಪಿಯ ತಟ್ಟೆ ಹಿಡಿದು ಹೊರಗೆ ಬಂದಳು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಪುಟ್ಟಮಲ್ಲಮ್ಮ ಅಷ್ಟು ಹೊತ್ತಿಗೆ ನಗು ನಿಲ್ಲಿಸಿದ್ದರು. ಪಟ್ಟಿ ಸುತ್ತಿಡುತ್ತಿದ್ದ ರಂಜಿನಿಯ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದರು.

"ಅಲ್ಲಮ್ಮ, ಆಸನೂರಲ್ಲಿ ನಮ್ಮಣ್ಣ ಅವನ. ಅವನ್ಗೂ ತಲ ಸುತ್ತು. ತಿಂಗ್ಳಿಗೊಂದ್ಸಲ ನನ್ ಬಿಪಿ ಮಾತ್ರೆಲೇ ವಸಿ ಬಸ್ನಲ್ಲಿ ಕಳಿಸ್ತೀನಿ. ಅದೂ ತಪ್ಪಾ?"

ಜಗುಲಿಯಲ್ಲಿ ಮತ್ತೆ ನಗು ಎದ್ದಿತು. ಪದ್ಮಶ್ರೀ ನಗಲಿಲ್ಲ. ಮೊದಲ ಲೋಟವನ್ನು ಪುಟ್ಟಮಲ್ಲಮ್ಮನ ಕೈಗೆ ಕೊಟ್ಟು, ಅವರ ಪಕ್ಕದಲ್ಲೇ ಕೂತು, ಸೊಂಟದಿಂದ ಫೋನು ತೆಗೆದಳು.

"ನಿಮ್ಮಣ್ಣನ ನಂಬರ್ ಯೋಳಿ," ಎಂದಳು.